ಸೀಸದ ಡಬ್ಬಿಯಲ್ಲಿ ವಾಸವಾಗಿರುವ ಕೋಬಾಲ್ಟ್ ಮಹಾಶಯರಿಗೆ

ಮಾನ್ಯರೇ,

ಭೌತಶಾಸ್ತ್ರ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿನಿಯಾದ ನಾನು, ನಿಯಮದಲ್ಲಿ ಹೇಳಿರುವಷ್ಟು ದೂರ ನಿಂತು, ತಮಗೆ ಅನಂತ ವಂದನೆಗಳನ್ನು ಸಲ್ಲಿಸುತ್ತಿದ್ದೇನೆ. ಎರಡೂ ಕೈ ಜೋಡಿಸಬೇಕಿತ್ತು, ಆದರೆ ಒಂದರಲ್ಲಿ ತಮ್ಮನ್ನು ಎತ್ತುವ ಇಕ್ಕುಳವಿರುವುದರಿಂದ ಒಂಟಿಗೈ ನಮಸ್ಕಾರವನ್ನು ಮನ್ನಿಸಬೇಕು. ಬಟಾಣಿ ಕಾಳಿನಷ್ಟೇ ಇದ್ದರೂ ತಮಗಿರುವಷ್ಟು ಭದ್ರವಾದ ಕೋಣೆ ವಿಭಾಗದ ಮುಖ್ಯಸ್ಥರಿಗೂ ಇಲ್ಲವೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ.

ತಮ್ಮಿಂದ ಹೊರಡುವ ಗಾಮಾ ಕಿರಣಗಳನ್ನು ಸೀಸದ ತಗಡುಗಳು ಎಷ್ಟರ ಮಟ್ಟಿಗೆ ತಡೆಯುತ್ತವೆ ಎಂಬುದು ನನ್ನ ಸಂಶೋಧನಾ ಪ್ರಾಜೆಕ್ಟು. ತಗಡು ಇಡುವ ಮೊದಲು ತಮ್ಮ ಕಿರಣಗಳನ್ನು ಬರಿದೇ ಒಮ್ಮೆ ಎಣಿಸಬೇಕಲ್ಲ, ಎಣಿಸಿದೆ. ನಿಮಿಷಕ್ಕೆ ಐನೂರ ಹದಿನೈದು ಬಂತು. ಹಿಂದಿನ ವರ್ಷ ಇದೇ ಪ್ರಾಜೆಕ್ಟು ಮಾಡಿದವರ ವರದಿಯಲ್ಲಿ ನಾಲ್ಕು ಸಾವಿರದ ಇನ್ನೂರು ಇತ್ತು. ಮೂರು ವಾರ ಎಣಿಕೆ ಯಂತ್ರದ ತಂತಿಗಳನ್ನು ಬಿಚ್ಚಿ, ಕಟ್ಟಿ, ಯಂತ್ರವನ್ನು ಬೈದು, ಮತ್ತೆ ಕ್ಷಮೆ ಕೇಳಿ ಎಣಿಸಿದರೂ ತಾವು ಐನೂರರ ಆಸುಪಾಸು ಬಿಟ್ಟು ಕದಲಲಿಲ್ಲ.

ಆಮೇಲೆ ಬೀರು ತೆಗೆದು ನೋಡಿದರೆ, ಆಹಾ! ಹದಿನಾರು ವರ್ಷಗಳ ಹದಿನಾರು ವರದಿಗಳಲ್ಲೂ ತಾವು ನಾಲ್ಕು ಸಾವಿರದ ಇನ್ನೂರೇ. ಐದು ವರ್ಷ ಚಿಲ್ಲರೆಗೊಮ್ಮೆ ತಮ್ಮ ಕಸುವು ಅರ್ಧಕ್ಕಿಳಿಯುತ್ತದೆ ಎಂದು ಇದೇ ವಿಭಾಗದಲ್ಲಿ ನಮಗೆ ಪಾಠ ಮಾಡಿದ್ದಾರೆ. ಅದನ್ನು ಪರೀಕ್ಷೆಯಲ್ಲಿ ಬರೆಯದಿದ್ದರೆ ಅಂಕ ಕತ್ತರಿಸುತ್ತಾರೆ, ಪ್ರಾಜೆಕ್ಟಿನಲ್ಲಿ ಬರೆದರೆ ಕತ್ತರಿಸುತ್ತಾರೆ. ಡಬ್ಬಿಯೊಳಗೆ ತಾವು ಮೂರು ಸಲ ಅರ್ಧವಾಗಿ ಸೊರಗಿದ್ದೀರಿ, ಬೀರುವಿನೊಳಗೆ ಒಂದು ಕೂದಲೂ ನರೆಯದೆ ನಳನಳಿಸುತ್ತಿದ್ದೀರಿ. ಇಂಥ ಸಾಧನೆ ಬೇರೆ ಯಾವ ಪದಾರ್ಥಕ್ಕೆ ಸಾಧ್ಯ ಹೇಳಿ?

ನನ್ನ ಮಾರ್ಗದರ್ಶಕರು ಕಳೆದ ಆರು ವರ್ಷಗಳಿಂದ ಆ ಯೌವನಕ್ಕೆ ಸಹಿ ಹಾಕುತ್ತಾ ಬಂದವರು. ನನ್ನ ಪುಸ್ತಕ ನೋಡಿ, "ಎಲ್ಲರಿಗೂ ಬಂದಿದ್ದು ನಿಂಗೊಬ್ಬಳಿಗೆ ಯಾಕಮ್ಮ ಬರಲ್ಲ? ಮುಂದಿನ ಸೋಮವಾರ ವಿಭಾಗಕ್ಕೆ ತಪಾಸಣೆಯವರು ಬರ್ತಿದ್ದಾರೆ, ಸುಮ್ನೆ ಹಳೇದೆಲ್ಲ ಕೆದಕಬೇಡ. ಸರಿಯಾದ ಅಂಕಿ ಹಾಕ್ಕೊಂಡು ಬಾ, ಸಹಿ ಮಾಡ್ತೀನಿ" ಎಂದರು. ಆ ಸಹಿ ಇಲ್ಲದಿದ್ದರೆ ಅದೇ ವಾರ ಗುರುವಾರದ ಮೌಖಿಕ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ಈ ವರ್ಷ ಪದವಿ ಇಲ್ಲ. ಪದವಿ ಇಲ್ಲದಿದ್ದರೆ ಸಂಶೋಧನಾ ಸಂಸ್ಥೆಯಲ್ಲಿ ಹಗಲೂ ರಾತ್ರಿ ಓದಿ ಗಿಟ್ಟಿಸಿಕೊಂಡ ಸೀಟು ಕೈ ತಪ್ಪುತ್ತದೆ. ನಮ್ಮಮ್ಮನಂತೂ, "ಒಂದು ಅಂಕಿ ತಾನೇ, ಬರೆದು ಬಿಸಾಕೇ, ಯಾರ ಗಂಟೇನು ಹೋಗುತ್ತೆ?" ಎಂದಳು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಗುರುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯ ತನಕ, ದಯವಿಟ್ಟು, ಹದಿನಾರು ವರ್ಷದ ಹಿಂದಿನ ಕಸುವಿಗೆ ಮರಳಬೇಕು. ಅದಕ್ಕಾಗಿ, ಹೇಳದೆ ಕೇಳದೆ ಕ್ಷಯಿಸಿ ನಿಕ್ಕಲ್ ಲೋಹವಾಗಿ ಕುಳಿತಿರುವ ತಮ್ಮ ಪರಮಾಣುಗಳನ್ನೆಲ್ಲ ಕಿವಿ ಹಿಂಡಿ ವಾಪಸ್ ಕರೆಸಿಕೊಳ್ಳಬೇಕು. ಅದೂ ಆಗದಿದ್ದರೆ ವಿಭಾಗದ ಸಭೆಗೆ ಖುದ್ದು ಹಾಜರಾಗಿ, ಇಷ್ಟು ವರ್ಷ ಯಾರನ್ನೂ ಕೇಳದೆ ಕಡಿಮೆಯಾದದ್ದೇಕೆಂದು ಲಿಖಿತ ವಿವರಣೆ ಕೊಡಬೇಕು. ಹೊಸ ಅಂಕಿಯನ್ನು ಒಪ್ಪಿಕೊಳ್ಳುವುದಕ್ಕಿಂತ ಇದು ವಿಭಾಗಕ್ಕೆ ಸುಲಭವೆಂದು ತೋರುತ್ತದೆ.

ಇನ್ನೊಂದು ವಿಷಯ ಹೇಳದಿದ್ದರೆ ತಮಗೆ ಅನ್ಯಾಯವಾದೀತು. ಹದಿನಾರರಲ್ಲಿ ಮೊದಲನೆಯ ವರದಿ ಮಾತ್ರ ನಿಜವಾದದ್ದು. ಅದರಲ್ಲಿ ಏಳನೆಯ ತಗಡು ಇಟ್ಟಾಗ ಇಳಿಯಬೇಕಾದ ಎಣಿಕೆ ಇಳಿಯದೆ ನಿಂತಿದೆ. ಪಕ್ಕದಲ್ಲಿ ಪೆನ್ಸಿಲಿನಿಂದ, "ಮೂರು ಸಲ ನೋಡಿದೆ. ಕಾರಣ ಗೊತ್ತಿಲ್ಲ. ಬಂದದ್ದನ್ನೇ ಬರೆದಿದ್ದೇನೆ" ಎಂದಿದೆ. ಉಳಿದ ಹದಿನೈದು ವರದಿಗಳಲ್ಲೂ ಏಳನೆಯ ತಗಡಿಗೆ ಎಣಿಕೆ ಹಾಗೆಯೇ ನಿಂತಿದೆ, ಆ ಪೆನ್ಸಿಲ್ ಸಾಲನ್ನು ಮಾತ್ರ ಯಾರೂ ನಕಲು ಮಾಡಿಲ್ಲ. ಬರೆದ ಹುಡುಗ ಯಾರೆಂದು ಮುಖಪುಟ ನೋಡಿದೆ: ಇವತ್ತಿನ ನನ್ನ ಮಾರ್ಗದರ್ಶಕರು. ಓದಿ ನನಗೆ ಅವರ ಮೇಲೆ ಮೊದಲ ಸಲ ಪ್ರೀತಿ ಬಂತು, ಮರುಕ್ಷಣವೇ ಸಿಟ್ಟು ಇಮ್ಮಡಿಯಾಯಿತು. ನಾನು ಐನೂರ ಹದಿನೈದನ್ನೇ ಬರೆದು, ಆ ಹಳೆಯ ಪುಟವನ್ನೂ ಈ ಪತ್ರವನ್ನೂ ಸೇರಿಸಿ ಅವರ ಮೇಜಿನ ಮೇಲೆ ಇಡುತ್ತಿದ್ದೇನೆ.

ಬಂದಷ್ಟನ್ನೇ ಎಣಿಸಿದ
ತಮ್ಮ ವಿಶ್ವಾಸಿ,
ಅಂತಿಮ ವರ್ಷದ ವಿದ್ಯಾರ್ಥಿನಿ

ಮರೆತ ಮಾತು: ಮಾರ್ಗದರ್ಶಕರು ಇವತ್ತು ಮಧ್ಯಾಹ್ನ ಎಲ್ಲವನ್ನೂ ಓದಿದರು. "ಆ ಏಳನೇ ತಗಡಿಗೆ ಏನಾಗಿತ್ತಂತೆ?" ಎಂದು ಕೇಳಿದರು. ಒಳಗೇ ಪೊಳ್ಳಿತ್ತಂತೆ, ಅದನ್ನು ತೆಗೆದು ಬಿಸಾಕಿ ಹತ್ತು ವರ್ಷವಾಯಿತಂತೆ ಎಂದು ಪ್ರಯೋಗಾಲಯದ ಅಟೆಂಡರಣ್ಣ ಹೇಳಿದ್ದನ್ನು ತಿಳಿಸಿದೆ. ತಲೆ ತಗ್ಗಿಸಿ ಸಹಿ ಹಾಕಿದರು. ತಾರೀಕು ಮಾತ್ರ ಹಾಕಲಿಲ್ಲ. ತಪಾಸಣೆಯವರು ಹೋದ ಮೇಲಿನದನ್ನು ಹಾಕಿಕೊಳ್ಳಬೇಕಂತೆ. ನಾನೇ ಹಾಕಿದ್ದೇನೆ, ಇವತ್ತಿನದು.