ಲ್ಯಾಪ್‌ಟಾಪಿಗೆ ನಿದ್ದೆ ಕಲಿಸಿದ್ದು

ತನಗೆ ಅನ್ಯಾಯವಾಗಿದೆ ಎಂದು ಸ್ಟೋರ್‌ಕೀಪರು ಗಟ್ಟಿಯಾಗಿ ನಂಬಿದ್ದರು. ಇಡೀ ಆಫೀಸಿನಲ್ಲಿ ಹಾಗೆ ನಂಬಿದವರು ಅವರೊಬ್ಬರೇ. ಬಲ್ಬು, ಮೊಳೆ, ಪೊರಕೆ ಎಣಿಸುವುದರಲ್ಲೇ ತಲೆಗೂದಲೆಲ್ಲ ಉದುರಿತ್ತು. ಅಷ್ಟರಲ್ಲಿ ಆಫೀಸಿನವರು ‘ವಿದ್ಯುತ್ ಉಳಿತಾಯಾಧಿಕಾರಿ’ ಎಂಬ ಹೊಸ ಹುದ್ದೆ ಹುಟ್ಟುಹಾಕಿದರು. ಸ್ವಂತ ಕೋಣೆ, ಬಾಗಿಲಿಗೊಂದು ಹೆಸರಿನ ಫಲಕ. ಆ ಫಲಕ ನೆನೆದೇ ಸ್ಟೋರ್‌ಕೀಪರ ಬಾಯಲ್ಲಿ ನೀರೂರುತ್ತಿತ್ತು.

ಅರ್ಜಿ ಹಾಕಿದ್ದಾಯಿತು. ಸಂದರ್ಶನ ಮನೆಯಿಂದಲೇ, ವಿಡಿಯೋದಲ್ಲಿ. ಲ್ಯಾಪ್‌ಟಾಪಿನಲ್ಲೇ ಉಳಿತಾಯ ಮಾಡಿ ಸಾಹೇಬರನ್ನು ಬೆರಗುಗೊಳಿಸುವ ಘನಂದಾರಿ ಯೋಚನೆ ಅವರಿಗೆ ಹೊಳೆಯಿತು. ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಇದ್ದದ್ದು ಲಿನಕ್ಸ್. (ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಒಳಗೆ ಕೈಯಾಡಿಸಬಹುದು. ಈ ಎರಡನೆಯ ಗುಣವೇ ಅಪಾಯದ್ದು.) ಪರದೆಯ ಬೆಳಕನ್ನು ಟಾರ್ಚು ಬಿಟ್ಟು ನೋಡುವಷ್ಟು ತಗ್ಗಿಸಿದರು. ಪ್ರೊಸೆಸರಿಗೆ ಮೂಗುದಾರ ಹಾಕಿದರು. ಕೊನೆಗೆ, ಎರಡು ನಿಮಿಷ ಯಾರೂ ಮುಟ್ಟದಿದ್ದರೆ ಮಲಗಿಬಿಡು, ಯಾವ ಪ್ರೋಗ್ರಾಮು ಬೇಡವೆಂದರೂ ಕಿವಿಗೊಡಬೇಡ ಎಂದು ರಾಜಾಜ್ಞೆ ಹೊರಡಿಸಿದರು.

“ರೀ, ನೆಟ್ಟಗಿರೋದನ್ನ ಯಾಕೆ ಕೆದಕ್ತೀರಿ?” ಎಂದಳು ಹೆಂಡತಿ.

“ನಿಂಗೆ ಇದೆಲ್ಲ ಗೊತ್ತಾಗಲ್ಲ ಬಿಡೇ.”

ಸಂದರ್ಶನಕ್ಕೆ ಮೇಲೆ ಕೋಟು, ಕೆಳಗೆ ಚಡ್ಡಿ ತೊಟ್ಟು ಕೂತರು. ಸಾಹೇಬರೆಂದರೆ ಭಯಭಕ್ತಿ, ಕೈ ಕಟ್ಟಿ, ಮಿಸುಕದೆ ಕೂತರು. ಯಾರೂ ಮುಟ್ಟುತ್ತಿಲ್ಲವೆಂದು ಲ್ಯಾಪ್‌ಟಾಪು ನಿಷ್ಠೆಯಿಂದ ಮಲಗಿತು. ಎಬ್ಬಿಸಿ, ಮಾರುದ್ದದ ಪಾಸ್‌ವರ್ಡು ಕುಟ್ಟಿ, ಕರೆಂಟಿನ ಮೇಲೆ ತಪ್ಪು ಹೊರಿಸಿ ಕ್ಷಮೆ ಕೇಳಿದರು. ಮತ್ತೆ ಮಲಗಿತು. ಮೂರನೆಯ ಸಲ ಕೀಲಿಗಳನ್ನು ಆಗಾಗ ತಟ್ಟುತ್ತ ಕೂತರೆ, ಉತ್ತರ ಹುಡುಕಿ ನೋಡುತ್ತಿದ್ದೀರೇನು ಎಂದು ಸಾಹೇಬರು ಹುಬ್ಬೇರಿಸಿದರು. ಕೈ ಸರ್ರನೆ ಹಿಂದೆ ಸರಿಯಿತು.

ಇನ್ನು ಉಳಿದವಳು ಹೆಂಡತಿ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವಳಿಗೆ ಕಣ್ಣಲ್ಲೇ ಗೋಗರೆದರು. ಅವಳು ಗೊಣಗುತ್ತ ಮೇಜಿನಡಿ ತೂರಿ, ಮೌಸನ್ನು ಮಂಡಿಯ ಮೇಲಿಟ್ಟುಕೊಂಡು ಉಜ್ಜತೊಡಗಿದಳು. ಸ್ಟೋರ್‌ಕೀಪರಿಗೆ ಹೋದ ಜೀವ ಬಂದಂತಾಯಿತು.

ಅರ್ಜಿಯಲ್ಲಿ ಮನೆಯ ಕರೆಂಟು ಬಿಲ್ಲು ಈ ವರ್ಷ ಅರ್ಧಕ್ಕಿಳಿದಿದೆ ಎಂದು ಬರೆದಿದ್ದೀರಲ್ಲ, ಹೇಗೆ ಎಂದು ಸಾಹೇಬರು ಕೇಳಿದರು. ಶಿಸ್ತು, ಯಜಮಾನನಾದವನ ಶಿಸ್ತು ಎಂದು ಸ್ಟೋರ್‌ಕೀಪರು ಎದೆಯುಬ್ಬಿಸಿದರು. ಮೇಜಿನಡಿ ವರ್ಷಗಟ್ಟಲೆಯ ಧೂಳು. ಅಷ್ಟರಲ್ಲಿ ಹೆಂಡತಿ ಜೋರಾಗಿ ಸೀನಿದಳು. ಯಾರದು ಎಂದು ಸಾಹೇಬರು ಕೇಳಿದ ಮೇಲೆ ಅವಳಿಗೆ ಮೌಸು ಹಿಡಿದು ಎದ್ದು ನಿಲ್ಲದೆ ವಿಧಿಯಿರಲಿಲ್ಲ.

“ಒಳ್ಳೇದಾಯ್ತಮ್ಮ, ನೀವೇ ಹೇಳಿ. ಬಿಲ್ಲು ಹೇಗೆ ಇಳೀತು?”

“ಇವರಿಗೆ ಹೋದ ಕಡೆಯೆಲ್ಲ ಲೈಟು, ಫ್ಯಾನು, ಎ.ಸಿ. ಹಾಕಿ ಮರೆತುಬರೋ ಅಭ್ಯಾಸ ಸಾರ್. ಈ ವರ್ಷ ಓವರ್‌ಟೈಮು ಅಂತ ರಜಾ ದಿನಾನೂ ಆಫೀಸಲ್ಲೇ ಇರ್ತಾರಲ್ಲ, ಮನೆ ಬಿಲ್ಲು ತಾನಾಗೇ ಇಳೀತು.”

ಸಾಹೇಬರು ತಮ್ಮ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಅಧಿಕಾರಿಯ ಮುಖ ನೋಡಿದರು. ಪಕ್ಕದವರು ಕನ್ನಡಕ ತೆಗೆದು ಕೆಳಗಿಟ್ಟರು.

“ಆಫೀಸಿನ ಬಿಲ್ಲು ಈ ವರ್ಷ ಯಾಕೆ ದುಪ್ಪಟ್ಟಾಯ್ತು ಅಂತ ಪತ್ತೆ ಹಚ್ಚೋಕೇ ಕಣ್ರೀ ಈ ಹುದ್ದೆ ಮಾಡಿದ್ದು,” ಎಂದರು ಸಾಹೇಬರು. “ಪತ್ತೆಯಾಯ್ತು. ಇನ್ನು ಹುದ್ದೆ ಬೇಕಿಲ್ಲ. ನಾಳೆಯಿಂದ ನಿಮಗೆ ಓವರ್‌ಟೈಮೂ ಇಲ್ಲ. ರಜಾ ದಿನ ಮನೇಲೇ ಇರಿ.”

ಸ್ಟೋರ್‌ಕೀಪರ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಕೊನೆಯ ಮಾತು ಕೇಳಿ ಕುರ್ಚಿ ಹುಡುಕಿ ಕುಸಿದು ಕೂತವಳು ಹೆಂಡತಿ.