ತಕ್ಕಡಿ, ಸಕ್ಕರೆ ಮತ್ತು ‘ಬರ್ತೇನ್ರಿ’

ಎಡವಟ್ಟುಗಳಿಗೆ ನನ್ನ ವಿಳಾಸ ಯಾರು ಕೊಟ್ಟರೋ ಗೊತ್ತಿಲ್ಲ, ವಾರಕ್ಕೊಂದು ತಪ್ಪದೆ ಹುಡುಕಿಕೊಂಡು ಬರುತ್ತವೆ. ಪರದೇಶದ ಒಂದು ಸಂಸ್ಥೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಗೆ ಒಂದು ದವಾಖಾನೆ ಗಾಡಿ ಕೊಟ್ಟಿದೆ. ಅವರು ಹೇಳಿದ್ದನ್ನು ಇವರಿಗೆ, ಇವರು ಅಂದದ್ದನ್ನು ಅವರಿಗೆ ಮುಟ್ಟಿಸುವ ಸಂಯೋಜಕ ನಾನು. ಹೋದ ತಿಂಗಳು ಆ ಸಂಸ್ಥೆಯ ಡಾಕ್ಟರ್ ಮೇಡಂ ತಾವೇ ಬಂದಿಳಿದರು, ಗಾಡಿ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ನಿರ್ಧರಿಸಲಿಕ್ಕೆ. ನಿಂತರೆ ನಮ್ಮ ಹೆಣ್ಣುಮಕ್ಕಳು ಬಿಪಿ ನೋಡಿಸಲಿಕ್ಕೂ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು.

ಗೋಕಾಕ: ಕಪ್ಪು ಮುಲಾಮು

ಅಂದು ಕೂಸುಗಳನ್ನು ತೂಗುವ ದಿನ. ಮೇಡಂ ವಿಮಾನದಲ್ಲೇ ನಾಲ್ಕು ಮಾತು ಕನ್ನಡ ಕಲಿತು ಬಂದಿದ್ದರು. ಗುಂಡುಗುಂಡಾದ ಒಂದು ಕೂಸನ್ನು ಕಂಡು “ಎಷ್ಟು ದಪ್ಪ ಕೂಸು!” ಅಂದರು. ಅದರ ಅಜ್ಜಿ ಕೂಸಿಗೆ ಸೆರಗು ಮುಚ್ಚಿ, “ತೂಗಾಕ ನಮ್ಮ ಕೂಸೇನು ಬೆಲ್ಲದ ಪೆಂಟಿ ಏನ್ರಿ? ದೃಷ್ಟಿ ಹತ್ತತೈತಿ” ಎಂದು ಹೊರಟೇಬಿಟ್ಟಳು.

ಕೂಸನ್ನು ಹೊಗಳಬಾರದು ಎಂದು ಮೇಡಂಗೆ ತಿಳಿಹೇಳಿದೆ. ಅವರು ಮುಂದಿನ ಕೂಸಿಗೆ “ಎಷ್ಟು ಸಣ್ಣ ಕೂಸು!” ಅಂದರು. ಅದರ ತಾಯಿ ನನ್ನ ಮೇಲೆ ಜಗಳಕ್ಕೇ ಬಂದಳು: “ನಾ ಏನ್ ಉಪಾಸ ಕೆಡವೇನೇನ್ರಿ ಇದನ್ನ?”

ಕಡೆಗೆ ಬಾಜೂ ಅಂಗಡಿಯಿಂದ ಒಂದು ಕಾಡಿಗೆ ಡಬ್ಬಿ ತಂದೆ. ಮೊದಲು ಗಲ್ಲಕ್ಕೊಂದು ಬೊಟ್ಟು, ಆಮೇಲೆ ತಕ್ಕಡಿ. ಸಾಲು ಸರಸರ ಸಾಗಿತು. ಸಾಮಾನಿನ ಪಟ್ಟಿಯಲ್ಲಿ ಕಾಡಿಗೆಯನ್ನೂ ಸೇರಿಸಿದೆ. ಹೆಡ್ಡಾಫೀಸಿನಿಂದ ಪ್ರಶ್ನೆ ಬಂತು: “ಈ ಕಪ್ಪು ಮುಲಾಮು ಯಾವ ರೋಗಕ್ಕೆ?”

“ಡಾಕ್ಟರು ಹೊಗಳಿದರೆ ಬರುವ ರೋಗಕ್ಕೆ” ಎಂದು ಬರೆದೆ.

ಮೂಡಲಗಿ: ಸಕ್ಕರೆ

ಫಾರ್ಮಿನಲ್ಲಿ ‘ಮನೆಯಲ್ಲಿ ಯಾರಿಗಾದರೂ ಮಧುಮೇಹವಿದೆಯೇ?’ ಎಂದಿತ್ತು. ಆ ಪದಕ್ಕೆ ಯಾರೂ ಬಾಯಿ ಬಿಡಲಿಲ್ಲ. ನಾನು ಜಾಣತನ ಮಾಡಿ ಒಂದು ಮನೆಯ ಬಾಗಿಲಲ್ಲಿ, “ಚಾಚಿ, ಮನ್ಯಾಗ ಸಕ್ಕರಿ ಐತೇನ್ರಿ?” ಅಂದೆ.

“ಐತಲ್ಲ” ಎಂದು ಒಳಗೆ ಹೋದ ಚಾಚಿ ಒಂದು ವಾಟಗಾ ತುಂಬ ಸಕ್ಕರೆ ತಂದು ಕೈಗಿಟ್ಟಳು.

“ಇದಲ್ರಿ ಚಾಚಿ, ಸಕ್ಕರಿ ಬ್ಯಾನಿ!”

“ಹಂಗಾರ ಒಳಗ ಬರ್ರಿ, ಚಹಾ ಕುಡದ ಮಾತಾಡೂಣು.”

ಬ್ಯಾಡ ಅಂದರೆ ಬೇಸರವಾದೀತೆಂದು ಮೇಡಂ ಹತ್ತು ಮನೆಗಳಲ್ಲಿ ಹತ್ತು ಕಪ್ ಚಹಾ ಕುಡಿದರು. ಆಮೇಲೆ ಪರೀಕ್ಷೆಗೆ ಯಾರೂ ಹೆದರದಿರಲಿ ಎಂದು ತಮ್ಮದೇ ಬೆರಳು ಚುಚ್ಚಿಕೊಂಡು ತೋರಿಸಿದರು. ಇಡೀ ಓಣಿಯಲ್ಲಿ ಹೆಚ್ಚು ಸಕ್ಕರೆ ಅವರದೇ! ಚಾಚಿ ನನ್ನ ಕಿವಿಯಲ್ಲಿ ಅಂದಳು: “ಪಾಪ, ಇಷ್ಟ ಬ್ಯಾನಿ ಇಟ್ಕೊಂಡು ನಮ್ಮನ್ನ ನೋಡಾಕ ಬಂದಾಳ.”

ಹುಕ್ಕೇರಿ: ಬರ್ತೇನ್ರಿ

ಹಿಡಕಲ್ ಕಡೆಯ ಒಂದು ಹಳ್ಳಿಯಲ್ಲಿ ನಲವತ್ತು ಹೆಣ್ಣುಮಕ್ಕಳ ಬಿಪಿ ನೋಡಿದೆವು. ಎರಡು ವಾರ ಬಿಟ್ಟು ಅವರು ಮತ್ತೆ ತೋರಿಸಬೇಕು. ಗಾಡಿಯ ಹಣೆಬರಹವೆಲ್ಲ ಅದರ ಮೇಲೆ: ಅವರು ಮರಳಿ ಬಂದರೆ ಗಾಡಿ ಉಳಿಯುತ್ತದೆ, ಬಾರದಿದ್ದರೆ ಇಲ್ಲ. ಪ್ರತಿಯೊಬ್ಬಳೂ ಎದ್ದು ಹೊರಡುವಾಗ “ಬರ್ತೇನ್ರಿ” ಅಂದಳು.

“ಏನಂದರು?” ಎಂದು ಮೇಡಂ ಕೇಳಿದರು.

“ಬರುತ್ತಾರಂತೆ.”

ಅವರು ಖುಷಿಯಿಂದ ಹೆಸರಿನ ಮುಂದೆ ರೈಟ್ ಹಾಕುತ್ತ ಹೋದರು. ನಲವತ್ತಕ್ಕೆ ನಲವತ್ತು! ಹೊರಡುವಾಗ ‘ಹೋಗ್ತೇನಿ’ ಅಂದರೆ ಅಪಶಕುನ, ಅದಕ್ಕೇ ಎಲ್ಲರೂ ‘ಬರ್ತೇನಿ’ ಅನ್ನುತ್ತಾರೆ ಎಂದು ಹೇಳಲು ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಎರಡು ವಾರದ ಮೇಲೆ ಗಾಡಿ ಹೋಗಿ ನಿಂತರೆ, ಮಧ್ಯಾಹ್ನವಾದರೂ ಒಂದು ನರಪಿಳ್ಳೆಯೂ ಇಲ್ಲ. ಆ ‘ಬರ್ತೇನ್ರಿ’ಯ ನಿಜವಾದ ಅರ್ಥವನ್ನು ಮೇಡಂ ಮುಂದೆ ಒಪ್ಪಿಕೊಂಡೆ. ಅವರು ರಜಿಸ್ಟರು ಮುಚ್ಚಿದರು. ನನಗೆ ಅಳುವುದೊಂದು ಬಾಕಿ.

ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕಿ “ಹೊಂಟಿ ಏನವಾ?” ಎಂದು ಕೇಳಿದಳು. ಮೇಡಂ ಕೈಮುಗಿದು “ನಾನು ಹೋಗ್ತೇನ್ರಿ” ಅಂದರು.

“ಹಂಗ ಅನಬಾರದು! ಬರ್ತೇನಿ ಅನ್ನು.”

“ಆದರೆ ನಾನು ಬರುವುದಿಲ್ಲವಲ್ಲ,” ಎಂದರು ಮೇಡಂ ನನ್ನ ಕಡೆ ತಿರುಗಿ. ಅದನ್ನು ಮುದುಕಿಗೆ ಮುಟ್ಟಿಸಿ, “ಗಾಡೀನೂ ಬರೂದಿಲ್ಲ ಬೇ. ಬರ್ತೇನಿ ಅಂದವ್ರು ಒಬ್ರೂ ಬರಲಿಲ್ಲ” ಎಂದೆ.

ಮುದುಕಿ ಕೆರಳಿದಳು. “ಇವತ್ತ ಅಮಾಸಿ ಐತಿ. ಅಮಾಸಿ ದಿನ ಯಾರರ ದವಾಖಾನಿ ಮೆಟ್ಟಲ ಹತ್ತತಾರೇನೋ ಶಾಣ್ಯಾ? ನಾಳಿ ತನಕ ಗಾಡಿ ನಿಂದರಸು.”

ದಿನ ಗೊತ್ತು ಮಾಡಿದವನು ನಾನೇ. ತಾರೀಖು ನೋಡಿದ್ದೆ, ತಿಥಿ ನೋಡಿರಲಿಲ್ಲ.

ಮರುದಿನ ಮೂವತ್ತೆಂಟು ಜನ ಬಂದರು, ಅತ್ತೆಯರನ್ನೂ ಕರೆದುಕೊಂಡು. ಅಷ್ಟರಲ್ಲಿ ಮೇಡಂ ಪಳಗಿದ್ದರು. ಹೊಸ ಫಾರ್ಮಿನಲ್ಲಿ ಎರಡು ಕಾಲಮ್ ಎಳೆದು ನನ್ನ ಕೈಯಿಂದ ಬರೆಸಿದರು: ‘ಖರೆ ಬರ್ತೇನ್ರಿ’, ‘ಸುಮ್ನ ಬರ್ತೇನ್ರಿ’. ಪ್ರತಿಯೊಬ್ಬಳನ್ನೂ ಯಾವುದು ಎಂದು ಕೇಳಿಯೇ ರೈಟ್ ಹಾಕಿದರು. ಮುದುಕಿ ಬಾಜೂ ಕೂತು “ಸುಳ್ಳ ಹೇಳಬ್ಯಾಡ್ರೆ!” ಎಂದು ಎಲ್ಲರನ್ನೂ ಗದರುತ್ತಿದ್ದಳು.

ಸಂಜೆ ಹೊರಡುವಾಗ ಮೇಡಂ ಅಚ್ಚ ನಮ್ಮ ಧಾಟಿಯಲ್ಲಿ “ಬರ್ತೇನ್ರಿ” ಅಂದರು. ಮುದುಕಿ ಬಿಟ್ಟಾಳೆಯೇ? ಅದೇ ಫಾರ್ಮನ್ನು ಮೇಡಂ ಮುಂದೆ ಹಿಡಿದು, “ಗಾಡಿ ತಗೊಂಡ ಬರ್ತಿ ಏನ? ರೈಟ್ ಹಾಕವಾ” ಅಂದಳು.

ಮೇಡಂ ನಕ್ಕು ‘ಖರೆ’ ಕಾಲಮ್ಮಿಗೆ ರೈಟ್ ಹಾಕಿ, ಹೆಡ್ಡಾಫೀಸಿಗೆ ಕಳಿಸಬೇಕಲ್ಲ ಎಂದು ಫಾರ್ಮಿಗೆ ಕೈಚಾಚಿದರು. ಮುದುಕಿ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆ-ಅಡಿಕೆಯ ಚಂಚಿಯೊಳಗೆ ತುರುಕಿದಳು.

“ಗಾಡಿ ಬರೂತನಕ ಇದು ನನ್ನ ಹತ್ರ ಇರ್ಲಿ.”