ಕೈ ಕೊಡುವವರು ಬೇಕಾಗಿದ್ದಾರೆ

ರಬ್ಬರ್ ಕೈ ಸೋರತೊಡಗಿದ್ದೇ ಎಲ್ಲಕ್ಕೂ ಮೂಲ.

ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದನ್ನು ಕಲಿಸುವ ಕೋಣೆಯಲ್ಲಿ ಮೇಜಿನ ಮೇಲೆ ಒಂದು ರಬ್ಬರ್ ಕೈ ಸದಾ ಮಲಗಿರುತ್ತಿತ್ತು. ಒಳಗೆ ನರದಂಥ ಕೊಳವೆ, ಕೊಳವೆಯೊಳಗೆ ಕೆಂಪು ನೀರು. ಚುಚ್ಚಿದರೆ ಅದು ಅಯ್ಯೋ ಅನ್ನುತ್ತಿರಲಿಲ್ಲ. ಯಾರ ಮಗಳು, ಓದು ಯಾಕೆ ಬಿಟ್ಟೆ, ಮದುವೆ ಯಾವಾಗ ಎಂದು ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿ ಕಲಿಯುತ್ತಿದ್ದ ಗುಬ್ಬಿ ಎಂಬ ಹುಡುಗಿಗೆ ಆ ಕೈ ಎಂದರೆ ಪ್ರಾಣ. ಉಳಿದ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಕೈ ಕೊಟ್ಟು, ಚುಚ್ಚಿ, ಚುಚ್ಚಿಸಿಕೊಂಡು ಪಾಸಾಗಿದ್ದರು. ಗುಬ್ಬಿಗೆ ಮಾತ್ರ ‘ನಿಮ್ಮ ಕೈ ಕೊಡ್ತೀರಾ’ ಎಂದು ಬಾಯಿಬಿಟ್ಟು ಕೇಳಲು ನಾಚಿಕೆ. ಅವಳು ರಬ್ಬರ್ ಕೈಯನ್ನೇ ಚುಚ್ಚಿದಳು, ಮತ್ತೆ ಚುಚ್ಚಿದಳು. ಕೊನೆಗೆ ಆ ಬೆಳಿಗ್ಗೆ ಕೆಂಪು ನೀರು ತುಂಬಿಸಿದಾಗ ಕೈ ಹೂವಿನ ಗಿಡಕ್ಕೆ ನೀರು ಹಾಕುವ ಡಬ್ಬಿಯ ಹಾಗೆ ನಾಲ್ಕೂ ದಿಕ್ಕಿಗೆ ಚಿಮ್ಮಿತು.

ಪಾಠ ಹೇಳುವ ಮೇಡಂ ಕನ್ನಡಕ ಒರೆಸಿಕೊಂಡರು. ಅದರ ಮೇಲೂ ಕೆಂಪು ಹನಿ ಬಿದ್ದಿತ್ತು.

“ಇದರ ಆಯಸ್ಸು ಮುಗೀತು ಗುಬ್ಬಿ. ಮಧ್ಯಾಹ್ನ ನಿನ್ನ ಪರೀಕ್ಷೆ. ಜೀವ ಇರೋ ಒಂದು ಕೈ ಕರ್ಕೊಂಡು ಬಾ.”

“ಮೇಡಂ, ಆಗದೇ ಹೋದ್ರೆ...”

“ಏನಂದೆ? ಕೇಳಿಸಲಿಲ್ಲ.”

ಗುಬ್ಬಿಯ ದನಿಯೇ ಹಾಗೆ. ಹತ್ತಿಯಲ್ಲಿ ಸುತ್ತಿಟ್ಟ ಗಂಟೆಯಂತೆ, ಇದೆ ಎಂದು ಗೊತ್ತಾಗುತ್ತಿತ್ತು, ಕೇಳಿಸುತ್ತಿರಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು.

“ಆಗದೇ ಹೋದ್ರೆ ಕೌಂಟರ್,” ಅಂದರು ಮೇಡಂ. “ಹೆಸರು ಕೂಗೋ ಯಜಮಾನರು ಈ ವಾರ ನಿವೃತ್ತಿ ಆಗ್ತಿದ್ದಾರೆ. ಆ ಕುರ್ಚಿಗೆ ಯಾರಾದ್ರೂ ಬೇಕೇ ಬೇಕು.”

ಗುಬ್ಬಿ ಬಾಗಿಲ ಕಡೆ ನೋಡಿದಳು. ಹೊರಗಿನ ಹಾಲ್‌ನಲ್ಲಿ ರಕ್ತಪರೀಕ್ಷೆಗೆ ಕಾಯುತ್ತ ಬೆಂಚು ತುಂಬ ಜನ. ಅವರೆಲ್ಲರ ಕಣ್ಣೆದುರು ಕೂತು ಬೆಳಗಿನಿಂದ ಸಂಜೆಯವರೆಗೆ ಹೆಸರು ಕೂಗುವುದು. ಅದಕ್ಕಿಂತ ಹಾಳು ಬಾವಿಗೆ ಬೀಳುವುದು ವಾಸಿ. ಅವಳು ಈ ವಿದ್ಯೆ ಆರಿಸಿಕೊಂಡಿದ್ದೇ ಒಂದು ಗುಟ್ಟಿನ ಕಾರಣಕ್ಕೆ. ಕಷ್ಟಪಟ್ಟು ಗಮನಿಸಿ ಅವಳು ಕಂಡುಕೊಂಡಿದ್ದ ಸತ್ಯ ಅದು: ಸೂಜಿ ಹಿಡಿದವರ ಮುಖವನ್ನು ಯಾರೂ ನೋಡುವುದಿಲ್ಲ. ಎಲ್ಲರೂ ಗೋಡೆ ನೋಡುತ್ತಾರೆ, ಫ್ಯಾನು ನೋಡುತ್ತಾರೆ, ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾಚಿಕೆಯವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಭೂಮಿಯ ಮೇಲೆ ಇನ್ನೊಂದಿಲ್ಲ.

ಮನೆಗೆ ಬಂದು ಅಮ್ಮನ ಕಿವಿಯಲ್ಲಿ ವಿಷಯ ಹೇಳಿದಳು. ಅಮ್ಮ ಮಾಡಿದ ಒಂದೇ ತಪ್ಪೆಂದರೆ ಅದನ್ನು ಮೇಲ್ಮನೆ ಅತ್ತೆಗೆ ಹೇಳಿದ್ದು. ಅತ್ತೆ ಎಂದರೆ ನೆಂಟಸ್ತಿಕೆಯ ಅತ್ತೆಯಲ್ಲ, ಮಹಡಿಯ ಮೇಲಿದ್ದಾಳೆ ಎಂದು ಬೀದಿಯೆಲ್ಲ ಹಾಗೆ ಕರೆಯುತ್ತಿತ್ತು. ಅವಳು ಉಸಿರೆಳೆದುಕೊಳ್ಳುವಾಗಲೂ ಮಾತಾಡಬಲ್ಲವಳು. ಅವಳಿಗೆ ಗುಟ್ಟು ಹೇಳುವುದೂ ಒಂದೇ, ಚಾವಣಿ ಮೇಲೆ ನಿಂತು ತಮಟೆ ಹೊಡೆಯುವುದೂ ಒಂದೇ. ಅನ್ನ ಬಸಿಯುವಷ್ಟರಲ್ಲಿ ಬಾಗಿಲಲ್ಲಿ ಜನ.

“ಒಂದು ಕೈ ಯಾಕೆ, ಎರಡೂ ತಗೋ ಮಗಳೇ,” ಅಂದರು ಹಾಲಿನ ಅಂಗಡಿಯವರು.

“ನಮ್ಮ ಹುಡುಗಿಗೆ ಕೈ ಕೊಡದೆ ಇನ್ಯಾರಿಗೆ ಕೊಡೋಣ,” ಅಂದಳು ಪಕ್ಕದ ಮನೆಯಾಕೆ.

ಆದರೆ ಹೊರಡುವ ಹೊತ್ತಿಗೆ ಹಾಲಿನ ಅಂಗಡಿಯವರಿಗೆ ತಟ್ಟನೆ ಬೆನ್ನು ಹಿಡಿದುಕೊಂಡಿತು. ಪಕ್ಕದ ಮನೆಯಾಕೆಗೆ ತನ್ನ ರಕ್ತ ಸ್ವಲ್ಪ ಸಂಕೋಚದ್ದು, ಹೊರಗೆ ಬರುವುದಿಲ್ಲ ಎಂಬುದು ನೆನಪಾಯಿತು. ಇನ್ನೊಬ್ಬರು ಮಾತೇ ಆಡದೆ ಬಾಗಿಲು ಹಾಕಿಕೊಂಡರು.

“ನೋಡಿದ್ಯಾ,” ಅಂದಳು ಅಮ್ಮ, “ಕೈ ಕೊಡ್ತೀವಿ ಅಂದ್ರು, ಹೇಳಿದ ಹಾಗೇ ಕೈ ಕೊಟ್ರು.”

ಉಳಿದವನು ಅಣ್ಣ. ದಿನಾ ಬೆಳಿಗ್ಗೆ ಕಬ್ಬಿಣ ಎತ್ತಿ ಎತ್ತಿ ಅವನ ತೋಳಿನ ಮೇಲೆ ನರಗಳು ಬಾವಿಯ ಹಗ್ಗದಂತೆ ಎದ್ದಿದ್ದವು. ಕಣ್ಣು ಕಟ್ಟಿಕೊಂಡು ಚುಚ್ಚಿದರೂ ತಪ್ಪುವ ಹಾಗಿರಲಿಲ್ಲ.

“ನಾನಿರುವಾಗ ನೀನ್ಯಾಕೆ ಅಳ್ತೀಯೇ,” ಎಂದು ಅವನು ಅಂಗಿಯ ತೋಳು ಭುಜದವರೆಗೂ ಮಡಚಿ ಬೀದಿಯಲ್ಲಿ ನಡೆದ. ಜೊತೆಗೆ ಟೈಲರ್ ಮಾಮ ಹೊರಟರು, ಸೂಜಿಯ ವಿಷಯದಲ್ಲಿ ತಮ್ಮ ಅನುಭವ ಅಲ್ಲಿ ಬೇಕಾಗಬಹುದು ಎಂದು. ಮೇಲ್ಮನೆ ಅತ್ತೆಯೂ ಹೊರಟಳು, ತಾನಿಲ್ಲದೆ ಏನಾದರೂ ನಡೆದುಬಿಟ್ಟರೆ ಎಂದು.

ಪರೀಕ್ಷೆಯ ಕೋಣೆಯಲ್ಲಿ ಮೇಡಂ ಗೋಡೆಗೊರಗಿ ನಿಂತರು. ಅಣ್ಣ ಕುರ್ಚಿಯಲ್ಲಿ ರಾಜನಂತೆ ಕೂತ. ಗುಬ್ಬಿ ಕೈ ತೊಳೆದು, ಗ್ಲೌಸ್ ಹಾಕಿಕೊಂಡು, ಮೊಣಕೈಯ ಮಡಿಕೆಗಿಂತ ಸ್ವಲ್ಪ ಮೇಲೆ ರಬ್ಬರ್ ಪಟ್ಟಿ ಕಟ್ಟಿದಳು.

“ಬಿಗಿಯಾಯ್ತೇನೋ ಅಣ್ಣ?”

ಅಣ್ಣನ ತುಟಿ ಬಿಳಿಚಿತ್ತು. ಅವನ ಕಣ್ಣು ತಟ್ಟೆಯಲ್ಲಿದ್ದ, ಇನ್ನೂ ಮುಚ್ಚಳ ಕೂಡ ತೆಗೆಯದ ಸೂಜಿಯ ಮೇಲಿತ್ತು. ಆಮೇಲೆ ಅವನು ಗೋಡೆಗೆ ಒರಗಿಸಿಟ್ಟ ಹಾಸಿಗೆ ಜಾರುವ ಹಾಗೆ, ಆತುರವಿಲ್ಲದೆ, ಕುರ್ಚಿಯಿಂದ ನೆಲಕ್ಕೆ ಇಳಿದ.

ಮೇಡಂ ಬಂದು ಪಟ್ಟಿ ಬಿಚ್ಚಿ, ಅವನ ಕಾಲು ಎತ್ತಿ ಸ್ಟೂಲಿನ ಮೇಲಿಟ್ಟರು. “ಉಸಿರು ಸರಿಯಾಗಿದೆ. ಮಲಗಿರಲಿ. ದೊಡ್ಡ ಮರ ಬೇಗ ಬೀಳುತ್ತೆ. ಮುಂದಿನ ಕೈ?”

ಗುಬ್ಬಿ ಟೈಲರ್ ಮಾಮನ ಕಡೆ ನೋಡಿದಳು. ಕೇಳಲಿಲ್ಲ, ಬರೀ ನೋಡಿದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರಿಂದ ಮಾಮನಿಗೆ ಓಡಿಹೋಗಲು ದಾರಿಯಿರಲಿಲ್ಲ.

“ನನಗೇನು ಭಯ? ಹುಟ್ಟಿದಾಗಿಂದ ಸೂಜಿ ಚುಚ್ಚಿಸಿಕೊಂಡೇ ಬದುಕಿದೀನಿ,” ಎನ್ನುತ್ತ ಅವರು ಕೂತು, ಮುಖ ಗೋಡೆಗೆ ತಿರುಗಿಸಿ, ಹಲ್ಲು ಕಚ್ಚಿ, ಕಣ್ಣನ್ನು ಚೀಲದ ಬಾಯಿ ಕಟ್ಟಿದ ಹಾಗೆ ಮುಚ್ಚಿದರು. ಗುಬ್ಬಿ ಪಟ್ಟಿ ಕಟ್ಟಿ, ನರ ಮುಟ್ಟಿ ನೋಡಿ, ಪಟ್ಟಿ ಸಡಿಲಿಸಿ, ಸ್ಪಿರಿಟ್ ಹತ್ತಿಯಿಂದ ಆ ಜಾಗ ಒರೆಸಿದಳು. ತಣ್ಣಗೆ ತಾಗಿದ ಕೂಡಲೇ ಮಾಮ ಹಾರಿಬಿದ್ದರು.

“ಆಯ್ತಾ?” ಅಂದರು ಕಣ್ಣು ಬಿಟ್ಟು.

“ಇಲ್ಲ ಮಾಮ, ಈಗಿನ್ನೂ...” ಎಂದು ಗುಬ್ಬಿ ಪಿಸುಗುಟ್ಟಿದಳು.

“ಭೇಷ್. ಗೊತ್ತೇ ಆಗಲಿಲ್ಲ ನೋಡು.” ಮಾಮ ಮೊಣಕೈ ಮಡಚಿಕೊಂಡು ಎದ್ದೇಬಿಟ್ಟರು. “ರಿಪೋರ್ಟು ನಿಧಾನಕ್ಕೆ ಕೊಡಿ, ಅವಸರ ಇಲ್ಲ,” ಎಂದು ಮೇಡಂಗೆ ಹೇಳಿ ಹೊರಗೆ ಹೋದರು. ಹಾಲ್‌ನಿಂದ ಅವರ ದನಿ ತೇಲಿಬಂತು: “ಏನು ಕೈ ಅಂತೀರಿ ಆ ಹುಡುಗಿದು. ಬೆಣ್ಣೆಯಿಂದ ಕೂದಲು ಎಳೆದ ಹಾಗೆ. ಸ್ವಲ್ಪ ತಣ್ಣಗಾಯ್ತು, ಅಷ್ಟೇ, ಮುಗಿದೇಹೋಯ್ತು.”

ಮೇಡಂ ಗಡಿಯಾರ ನೋಡಿದರು. “ಇನ್ನೊಂದು ಕೈ ಇದ್ರೆ ಸರಿ ಗುಬ್ಬಿ. ಇಲ್ಲದಿದ್ರೆ ನನಗೂ ಬೇರೆ ಕೆಲಸ ಇದೆ.”

ಗುಬ್ಬಿಯ ಕಣ್ಣಲ್ಲಿ ನೀರು ತುಂಬಿತು. ಆದರೆ ಹೊರಗೆ ಮಾಮನ ಮಾತು ಬಾಯಿಂದ ಬಾಯಿಗೆ ಬೆಳೆಯುತ್ತಿತ್ತು. ಒಳಗೊಬ್ಬಳು ಹುಡುಗಿ ಸೂಜಿಯೇ ಇಲ್ಲದೆ ರಕ್ತ ತೆಗೆಯುತ್ತಾಳಂತೆ, ಎಂಬಲ್ಲಿಗೆ ಬಂದಿತ್ತು. ಬೆಂಚಿನಲ್ಲಿದ್ದವರು ಎದ್ದು ಬಾಗಿಲ ಕಡೆ ಸರಿಯತೊಡಗಿದರು. ಇದನ್ನು ಕಂಡ ಮೇಲ್ಮನೆ ಅತ್ತೆಗೆ ತಡೆಯಲಾಗಲಿಲ್ಲ. ನಮ್ಮ ಬೀದಿಯ ಹುಡುಗಿ, ಕಂಡವರೆಲ್ಲ ಮೊದಲು ಹೋಗುವುದೇ?

“ಸರೀರಿ, ನಾನು ಇವಳ ಅತ್ತೆ,” ಎಂದು ಅವಳು ಎಲ್ಲರನ್ನೂ ಸೀಳಿಕೊಂಡು ಬಂದು ಕುರ್ಚಿಯಲ್ಲಿ ಕೂತು ಕೈ ಚಾಚಿದಳು. “ತೆಗಿಯೇ. ಆ ಟೈಲರ್‌ಗೇ ನೋವಾಗಲಿಲ್ಲ ಅಂದ್ರೆ ನನಗೇನಾಗುತ್ತೆ? ಅವನಿಗೆ ಅಂಗಿ ಗುಂಡಿ ಬಿದ್ದುಹೋದ್ರೂ ನೋವಾಗುತ್ತೆ. ಮೊನ್ನೆ ನೋಡು, ಏನಾಯ್ತು ಅಂದ್ರೆ...”

ಅತ್ತೆ ಮೊನ್ನೆಯ ಕತೆಗೆ ಇಳಿದಳು. ರಕ್ತ ತೆಗೆಯುವ ಮುಂಚೆ, ಎದುರಿಗಿರುವವರು ಎಷ್ಟೇ ಪರಿಚಿತರಾಗಿರಲಿ, ಅವರ ಬಾಯಿಂದಲೇ ಹೆಸರು ಹೇಳಿಸಬೇಕು ಎಂಬುದು ಮೊದಲ ನಿಯಮ. ಗುಬ್ಬಿ ನಿಯಮದಂತೆ ಕೇಳಿದಳು. “ಅತ್ತೆ, ನಿಮ್ಮ ಹೆಸರು ಹೇಳಿ.” ಅತ್ತೆಯ ಮಾತಿನ ಪ್ರವಾಹದಲ್ಲಿ ಆ ದನಿ ಕಾಗದದ ದೋಣಿಯಂತೆ ಮುಳುಗಿತು. ಎರಡನೆಯ ಸಲ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಕೈ ಎದುರಿಗಿತ್ತು. ಈ ಕೈ ಹೋದರೆ ಇನ್ನು ಕೌಂಟರೇ ಗತಿ. ಹೆಸರು ಆಮೇಲೆ ಕೇಳಿದರಾಯಿತು ಎಂದುಕೊಂಡಳು.

ಪಟ್ಟಿ ಕಟ್ಟಿದಳು. ಬೆರಳ ತುದಿಯಿಂದ ಹುಡುಕಿದಳು. ದುಂಡನೆಯ ಕೈಯಲ್ಲಿ, ಕಣ್ಣಿಗೆ ಕಾಣದಿದ್ದರೂ, ಒಳಗೊಂದು ನರ ಬೆರಳಿಗೆ ಮೆತ್ತಗೆ ಪುಟಿಯಿತು. ಒರೆಸಿ, ಆರಲು ಬಿಟ್ಟಳು. ಅತ್ತೆ ಮೊನ್ನೆಯಿಂದ ಹೋದ ವರ್ಷಕ್ಕೆ ಹೋಗಿದ್ದಳು. ಗುಬ್ಬಿ ಚರ್ಮವನ್ನು ಹೆಬ್ಬೆರಳಿಂದ ಹಿಡಿದೆಳೆದು, ಉಸಿರು ಬಿಗಿಹಿಡಿದು, ಸೂಜಿ ಇಳಿಸಿದಳು. ಟ್ಯೂಬಿನೊಳಗೆ ಕಡುಗೆಂಪಾಗಿ, ಸದ್ದಿಲ್ಲದೆ, ರಕ್ತ ಬಂತು. ನಿಜವಾದ ರಕ್ತ. ಗುಬ್ಬಿಗೆ ಕುಣಿಯಬೇಕೆನಿಸಿತು. ಪಟ್ಟಿ ಬಿಚ್ಚಿದಳು, ಆಮೇಲೆ ಸೂಜಿ ತೆಗೆದಳು, ಹತ್ತಿ ಒತ್ತಿದಳು, ಸೂಜಿಯನ್ನು ಅದರ ಡಬ್ಬಿಗೆ ಹಾಕಿದಳು. ಒಂದೂ ತಪ್ಪಲಿಲ್ಲ.

“...ಅದಕ್ಕೇ ನಾನು ಹೇಳೋದು,” ಎನ್ನುತ್ತಿದ್ದ ಅತ್ತೆಯ ಕಣ್ಣು ಟ್ಯೂಬಿನ ಮೇಲೆ ಬಿತ್ತು. “ಇದ್ಯಾರದೇ?”

“ನಿಮ್ಮದೇ ಅತ್ತೆ. ಹತ್ತಿ ಒತ್ತಿ ಹಿಡ್ಕೊಳ್ಳಿ.”

“ಯಾವಾಗ ತೆಗೆದೆ?”

ಹುಟ್ಟಿದ ಮೇಲೆ ಮೊದಲ ಬಾರಿಗೆ ಅತ್ತೆ ಕ್ಷಣಕಾಲ ಸುಮ್ಮನಾದಳು. ಮರುಕ್ಷಣ, ಇಂಥ ಸುದ್ದಿಯನ್ನು ಒಳಗಿಟ್ಟುಕೊಂಡು ಕೂರುವುದುಂಟೇ, ಹತ್ತಿ ಒತ್ತಿಕೊಂಡೇ ಬೀದಿಯ ಕಡೆ ಹೊರಟಳು. ತಡೆಯಲು ಗುಬ್ಬಿ ಬಾಯಿ ತೆರೆಯುವಷ್ಟರಲ್ಲಿ ಅವಳು ಹಾಲ್ ದಾಟಿದ್ದಳು.

ಮೇಡಂ ಮುಗುಳ್ನಗುತ್ತ ಪೆನ್ನು ಚಾಚಿದರು. “ಚೆನ್ನಾಗಿ ತೆಗೆದೆ. ಟ್ಯೂಬಿನ ಮೇಲೆ ಹೆಸರು ಬರಿ.”

“ಮೇಲ್ಮನೆ ಅತ್ತೆ,” ಅಂದಳು ಗುಬ್ಬಿ.

“ಅದು ಹೆಸರಲ್ಲ, ವಿಳಾಸ.”

ಗುಬ್ಬಿ ತಬ್ಬಿಬ್ಬಾದಳು. ನೆಲದ ಮೇಲೆ ಮಲಗಿದ್ದ ಅಣ್ಣ ಒಂದು ಕಣ್ಣು ತೆರೆದು, “ಅತ್ತೆ ಅಂತಲೇ ಅಲ್ವಾ ಇರೋದು?” ಎಂದು ಮತ್ತೆ ಮುಚ್ಚಿದ. ಟೈಲರ್ ಮಾಮ ಬಾಗಿಲಿನಿಂದ ಇಣುಕಿದರು. “ಅಳತೆ ಬೇಕಾದ್ರೆ ಬಾಯಿಪಾಠ ಹೇಳ್ತೀನಿ. ಹೆಸರು ನನಗೂ ಗೊತ್ತಿಲ್ಲ. ಬಟ್ಟೆ ಮೇಲೆ ಮೇ.ಅ. ಅಂತಲೇ ಬರೀತೀನಿ.”

“ಹೆಸರಿಲ್ಲದ ರಕ್ತ ಯಾರ ರಕ್ತವೂ ಅಲ್ಲ,” ಅಂದರು ಮೇಡಂ. ಈಗ ನಗುತ್ತಿರಲಿಲ್ಲ. “ಮೊದಲೇ ಕೇಳಬೇಕಿತ್ತು. ಹೆಸರು ಬರೆಯೋವರೆಗೂ ಟ್ಯೂಬು ಕೈ ಬಿಡಬಾರದು, ಟ್ಯೂಬು ಹಿಡಿದು ಕೋಣೆ ಬಿಡಬಾರದು, ಬೇರೆಯವರನ್ನ ಕಳಿಸಿ ಕೇಳಬಾರದು. ಅವರೇ ಹೇಳಬೇಕು, ನಿನ್ನ ಕಿವಿಗೇ ಬೀಳಬೇಕು. ಇಲ್ಲದಿದ್ರೆ ಇದು ಕಸ, ನೀನು ಕೌಂಟರ್.”

ಕೋಣೆಗೆ ಒಂದು ಕಿಟಕಿಯಿತ್ತು. ಗುಬ್ಬಿ ಟ್ಯೂಬು ಹಿಡಿದುಕೊಂಡೇ ಅಲ್ಲಿಗೆ ಓಡಿದಳು. ಅತ್ತೆ ಗೇಟು ದಾಟಿ, ತಿರುವಿನ ಹತ್ತಿರ ಹೋಗಿಬಿಟ್ಟಿದ್ದಳು.

“ಅತ್ತೆ,” ಅಂದಳು. ಕಿಟಕಿಯ ಮೇಲಿದ್ದ ನೊಣ ಕೂಡ ತಿರುಗಿ ನೋಡಲಿಲ್ಲ.

“ಅತ್ತೆ,” ಅಂದಳು ಇನ್ನೊಮ್ಮೆ. ಅತ್ತೆಯ ಬೆನ್ನು ಅರ್ಧ ತಿರುವಿನಲ್ಲಿ ಮರೆಯಾಗಿತ್ತು. ಗುಬ್ಬಿಯ ಕಣ್ಣೆದುರು ಆ ಕೌಂಟರು, ಆ ಬೆಂಚುಗಳು, ಆ ನೂರು ಕಣ್ಣುಗಳು ಬಂದು ನಿಂತವು. ಇಷ್ಟು ವರ್ಷ ನುಂಗಿ ನುಂಗಿ ಇಟ್ಟಿದ್ದ ದನಿಯೆಲ್ಲ ಅಣೆಕಟ್ಟು ಒಡೆದ ಹಾಗೆ ಒಟ್ಟಿಗೆ ಮೇಲೆ ಬಂತು.

“ಅತ್ತೇ, ನಿಮ್ಮ ಹೆಸರೇನು!”

ಪಾರಿವಾಳಗಳು ಚಾವಣಿ ಬಿಟ್ಟು ಹಾರಿದವು. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಇಳಿದು ನಿಂತು ಕೈಕಟ್ಟಿ ತನ್ನ ಹೆಸರು ಹೇಳಿದ. ಹಾಲ್‌ನಲ್ಲಿ ಕೂತಿದ್ದವರೆಲ್ಲ ತಮ್ಮನ್ನೇ ಕೇಳಿದ್ದೆಂದು ಧಡಕ್ಕನೆ ಎದ್ದು ಒಬ್ಬೊಬ್ಬರಾಗಿ ಹೆಸರು ಒಪ್ಪಿಸತೊಡಗಿದರು. ನೆಲದಲ್ಲಿದ್ದ ಅಣ್ಣ ಕೂಡ ಎದ್ದು ಕೂತು ತನ್ನದನ್ನು ಹೇಳಿದ.

ತಿರುವಿನಲ್ಲಿ ಅತ್ತೆ ನಿಂತಳು. ಹಿಂದೆ ನೋಡಿದಳು. ಬೀದಿಯೇ ಕಿವಿಯಾಗಿ ನಿಂತಿತ್ತು. ಬೇರೆ ದಾರಿ ಕಾಣದೆ, ತಲೆ ತಗ್ಗಿಸಿ, ಕಿಟಕಿಗೆ ಕೇಳಿಸುವಷ್ಟು ಜೋರಾಗಿ, ಹೆತ್ತವರು ಇಟ್ಟ ಹೆಸರನ್ನು ಹೇಳಿದಳು. ಅಷ್ಟು ಕಾಲ ಅವಳು ಅದನ್ನು ಯಾಕೆ ಮುಚ್ಚಿಟ್ಟಿದ್ದಳೆಂದು ಆಗ ಎಲ್ಲರಿಗೂ ತಿಳಿಯಿತು. ಆ ಹೆಸರಿಗೆ, ಕಡಿಮೆ ಮಾತಾಡುವವಳು ಎಂದು ಅರ್ಥ. ಸೈಕಲ್ಲಿನವನು ನಕ್ಕ. ಮಾಮ ಬಾಗಿಲು ಹಿಡಿದುಕೊಂಡು ನಕ್ಕರು.

ಗುಬ್ಬಿ ಟ್ಯೂಬಿನ ಮೇಲೆ ಹೆಸರು ಬರೆದಳು. ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ, “ಪಾಸು,” ಅಂದರು. ಗುಬ್ಬಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಇನ್ನು ಜೀವಮಾನವೆಲ್ಲ ಜನ ಗೋಡೆ ನೋಡುತ್ತಾರೆ, ಫ್ಯಾನು ನೋಡುತ್ತಾರೆ.

ಅಷ್ಟರಲ್ಲಿ ಕೌಂಟರಿನ ಯಜಮಾನರು ಏದುಸಿರು ಬಿಡುತ್ತ ಒಳಗೆ ಬಂದರು. “ಕೂಗಿದ್ದು ಯಾರು? ನನ್ನ ಸರ್ವೀಸಿನಲ್ಲಿ ಒಬ್ಬ ಮನುಷ್ಯನೂ ಮೊದಲನೇ ಕೂಗಿಗೆ ಎದ್ದಿಲ್ಲ ಮೇಡಂ. ಈಗ ಇಡೀ ಹಾಲ್ ಎದ್ದು ನಿಂತಿದೆ. ಬೆಳಿಗ್ಗೆ ಟೀ ಕುಡಿಯೋಕೆ ಹೋದವರೆಲ್ಲ ವಾಪಸ್ಸು ಬಂದಿದ್ದಾರೆ. ಕಿವಿ ಕೇಳದ ಅಜ್ಜ ಕೂಡ ಬಂದು ಸಾಲಿನಲ್ಲಿ ನಿಂತಿದ್ದಾರೆ.”

ಮೇಡಂ ಗುಬ್ಬಿಯನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. ಆ ನೋಟ ಗುಬ್ಬಿಗೆ ಸ್ವಲ್ಪವೂ ಹಿಡಿಸಲಿಲ್ಲ.

“ಸೂಜಿ ಹಿಡಿಯೋರು ಬೇಕಾದಷ್ಟು ಜನ ಪಾಸಾಗಿದ್ದಾರೆ,” ಅಂದರು ಮೇಡಂ ನಿಧಾನವಾಗಿ. “ಇಂಥ ಗಂಟಲು ಎಲ್ಲಿ ಸಿಗುತ್ತೆ?”

“ಮೇಡಂ, ನನಗೆ ಕೌಂಟರ್ ಬೇಡ,” ಅಂದಳು ಗುಬ್ಬಿ.

“ಏನಂದೆ? ಕೇಳಿಸಲಿಲ್ಲ.”

“ನನಗೆ ಕೌಂಟರ್ ಬೇಡ.”

“ಸ್ವಲ್ಪ ಜೋರಾಗಿ ಹೇಳಮ್ಮ,” ಅಂದರು ಯಜಮಾನರು, ಕಿವಿಗೆ ಕೈ ಹಿಡಿದು.

ಗುಬ್ಬಿ ಎದೆ ತುಂಬ ಉಸಿರೆಳೆದುಕೊಂಡಳು. “ನನಗೆ ಕೌಂಟರ್ ಬೇಡ!”

ಹಾಲ್‌ನಲ್ಲಿ ಆಗ ತಾನೇ ಕೂತಿದ್ದವರೆಲ್ಲ ಮತ್ತೆ ಎದ್ದು ನಿಂತರು. ಯಜಮಾನರು ಮೆಚ್ಚಿ ತಲೆದೂಗಿ, ತಮ್ಮ ಕುರ್ಚಿಯನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿ ಕೊಡಲು ಹೊರಟರು.

“ಎಷ್ಟು ಸ್ಪಷ್ಟವಾಗಿ ಕೇಳಿಸುತ್ತೆ ನೋಡಿ ಮೇಡಂ,” ಅಂದರು, “ಒಂದಕ್ಷರ ನುಂಗಲಿಲ್ಲ.”